ಸಂದಿಯಿಲ್ಲದ ಮನೆಗೆ ಮೊಮ್ಮಗಳು ಬಂದಳು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಈ ಒಂದು ಸಾಲು ಬರೆದು ನಿಲ್ಲಿಸಿದರೂ ನನ್ನ ಮಟ್ಟಿಗೆ ಬರಹ ಮುಗಿದ ಹಾಗೆಯೇ. ಆದರೆ ಅವಳು ಎಂಥ ಮನೆಗೆ ಬಂದಳು, ಆ ಮನೆ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಕ್ಕೆ ಎಷ್ಟು ಬಿಂಕ ಮಾಡಿತು ಎನ್ನುವುದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಲಿ. ನನಗೆ ಪುರಸೊತ್ತಿಲ್ಲ, ಮಗು ಏಳುವ ಹೊತ್ತಾಯಿತು.

ಮಗಳು ಅಳಿಯ ಮೊದಲು ಅಮೆರಿಕದಲ್ಲೇ ಇರುವ ಡಬ್ಲಿನ್ ಎನ್ನುವ ಊರಿನ ಅಪಾರ್ಟ್‌ಮೆಂಟಿನಲ್ಲಿದ್ದರು. ಮಗಳಿಗೆ ಚಿಕ್ಕಂದಿನಿಂದ ಉಬ್ಬಸ. ಇಲ್ಲಿ ಬೇಸಿಗೆ ಕಳೆಯುತ್ತಿದ್ದಂತೆ ಎಲ್ಲೋ ಒಂದು ಕಾಡಿಗೆ ಬೆಂಕಿ ಬೀಳುತ್ತದೆ, ಹೊಗೆ ನೂರಾರು ಮೈಲಿ ನಡೆದುಕೊಂಡು ಬಂದು ನೇರವಾಗಿ ನನ್ನ ಮಗಳ ಎದೆಯೊಳಗೆ ಕೂರುತ್ತದೆ. ಕಿಟಕಿಯ ಸಂದಿಗೆಲ್ಲ ಒದ್ದೆ ಟವೆಲ್ಲು ತುರುಕಿ, ದಿಂಬಿಗೆ ಒರಗಿ, ಕೂತೇ ನಿದ್ದೆ ಮಾಡುತ್ತಿದ್ದಳು. ಬಸುರಿಯಾದಾಗ ಅವಳು ನನಗೆ ಹೇಳಿದ್ದು ಒಂದೇ ಮಾತು.

"ಮಗೂನ ಈ ಅಪಾರ್ಟ್‌ಮೆಂಟಿಗೆ ಕರ್ಕೊಂಡು ಬರಲ್ಲ ಅಮ್ಮ. ಆಸ್ಪತ್ರೆಯಿಂದ ಸೀದಾ ಹೊಸ ಮನೆಗೆ."

ಹೊಸ ಮನೆ ಲಾಸ್ ಆಲ್ಟೋಸ್‌ನಲ್ಲಿ ಏಳುತ್ತಿತ್ತು. ಏಳುತ್ತಿತ್ತು, ಏಳುತ್ತಲೇ ಇತ್ತು. ಮಗಳ ಹೊಟ್ಟೆ ಅದಕ್ಕಿಂತ ಜೋರಾಗಿ ಬೆಳೆಯುತ್ತಿತ್ತು. ಎರಡರಲ್ಲಿ ಯಾವುದು ಮೊದಲು ಎನ್ನುವ ಲೆಕ್ಕದಲ್ಲೇ ನಾನು ಮೈಸೂರಿನಿಂದ ಬಂದಿಳಿದ ದಿನದಿಂದ ಕಾಲ ಹಾಕುತ್ತಿದ್ದೆ.

ಅಳಿಯನಿಗೆ ರೆಡ್‌ವುಡ್ ಸಿಟಿಯಲ್ಲಿ ಆಫೀಸು. ಮೀಟಿಂಗು ಮುಗಿದರೆ ಮನೆಯದೇ ಮಾತು. ಮದುವೆಯಲ್ಲೂ ಆ ಹುಡುಗನ ಮುಖ ಅಷ್ಟು ಹೊಳೆದದ್ದನ್ನು ನಾನು ಕಂಡಿಲ್ಲ.

"ಅತ್ತೆ, ಇದು ಮನೆ ಅಲ್ಲ. ಫ್ಲಾಸ್ಕು ಅಂದ್ಕೊಳ್ಳಿ. ಒಳಗಿನ ಬಿಸಿ ಹೊರಗೆ ಹೋಗಲ್ಲ, ಹೊರಗಿನ ಹೊಗೆ ಒಳಗೆ ಬರಲ್ಲ. ಒಂದು ಸಂದಿ ಇರಲ್ಲ."

"ಫ್ಲಾಸ್ಕಿಗೂ ಬಿರಡೆ ತೆಗೀತಾರಲ್ಲಪ್ಪ, ಕಾಫಿ ಬಗ್ಗಿಸೋಕೆ. ನಾವು ಉಸಿರಾಡೋದು ಹೆಂಗೆ?"

"ಅದಕ್ಕೆ ಮಶೀನಿದೆ ಅತ್ತೆ. ಹೊಸ ಗಾಳೀನ ಸೋಸಿ ಕೊಡುತ್ತೆ."

ಅಂದರೆ ದುಡ್ಡು ಸುರಿದು ಗಾಳಿ ಬಾರದ ಹಾಗೆ ಮನೆ ಕಟ್ಟುವುದು, ಆಮೇಲೆ ಗಾಳಿ ಬರಿಸುವುದಕ್ಕೆ ಒಂದು ಮಶೀನು ತರುವುದು. ಓದಿದವರ ಕೆಲಸ. ನಾನು ತಲೆಯಾಡಿಸಿದೆ. ನೂರು ವರ್ಷ ಅಲ್ಲಾಡುವುದಿಲ್ಲ ಅತ್ತೆ, ಭೂಕಂಪಕ್ಕೂ ಜಗ್ಗುವುದಿಲ್ಲ, ಎಂದು ಗೋಡೆಯನ್ನು ತಟ್ಟಿ ತೋರಿಸಿದ. ಎತ್ತಿನ ಬೆನ್ನು ತಟ್ಟಿದ ಹಾಗಿತ್ತು.

ಒಂದು ದಿನ ಹಿತ್ತಲಲ್ಲಿ ಬೋರ್‌ವೆಲ್ ಲಾರಿ ಬಂದು ನಿಂತಿತು. ನನಗೆ ಎದೆ ತುಂಬಿ ಬಂತು. ಅಮೆರಿಕವಾದರೇನು, ಮನೆಗೊಂದು ಬಾವಿ ಬೇಕು ಎನ್ನುವ ಬುದ್ಧಿ ಇವರಿಗೂ ಇದೆಯಲ್ಲ! ಮಗಳ ಜೊತೆ ಕುರ್ಚಿ ಹಾಕಿಕೊಂಡು ಕೂತೆ. ಕೊರೆದರು, ಕೊರೆದರು. ಮಧ್ಯಾಹ್ನದ ಹೊತ್ತಿಗೆ ಕೊಳವೆಯ ಬಾಯಿಂದ ಬೂದು ಬಣ್ಣದ ನೀರು ಚಿಮ್ಮಿತು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. "ತೆಂಗಿನಕಾಯಿ ಎಲ್ಲಿ, ಅರಿಶಿನ ಕುಂಕುಮ ಎಲ್ಲಿ" ಎಂದು ಓಡಾಡಿದೆ. ಕೊರೆಯುವವನು ಟೋಪಿ ತೆಗೆದು ತಲೆ ಕೆರೆದುಕೊಂಡು ಅಳಿಯನ ಮುಖ ನೋಡಿದ. ಅಳಿಯನ ಮುಖ ಸಾವಿನ ಮನೆಗೆ ಬಂದವನ ಹಾಗಿತ್ತು.

"ಏನಾಯ್ತೋ?"

"ನೀರು ಬಂದ್ಬಿಡ್ತು ಅತ್ತೆ."

"ಬರಲಿ ಅಂತ ತಾನೆ ಕೊರೆಸಿದ್ದು?"

"ಅಲ್ಲ ಅತ್ತೆ. ನಮಗೆ ನೀರು ಬೇಡ. ಬಿಸಿ ಬೇಕು."

ನಾನು ಕೂತುಬಿಟ್ಟೆ. ಆಮೇಲೆ ಮಗಳು ಬಿಡಿಸಿ ಹೇಳಿದಳು. ಆಳಕ್ಕೆ ಹೋದರೆ ಭೂಮಿ ಚಳಿಗಾಲ ಬೇಸಿಗೆ ಎರಡರಲ್ಲೂ ಒಂದೇ ಹದದಲ್ಲಿ ಬೆಚ್ಚಗಿರುತ್ತದಂತೆ. ಅಲ್ಲಿಗೆ ಒಂದು ಕೊಳವೆ ಇಳಿಸಿ, ಮಡಿಸಿ, ಮೇಲಕ್ಕೆ ತಂದು, ಅದರೊಳಗೆ ನೀರು ಸುತ್ತಿಸಿದರೆ ಭೂಮಿಯ ಬಿಸಿಯನ್ನು ಹೊತ್ತು ತರುತ್ತದಂತೆ. ಬೀರುವಿನಂಥ ಒಂದು ಯಂತ್ರ ಆ ಬಿಸಿಯನ್ನು ಹಿಂಡಿ, ಹೆಚ್ಚು ಮಾಡಿ, ನೆಲದಡಿಯ ಪೈಪುಗಳಿಗೆ ಕಳಿಸುತ್ತದಂತೆ. ಬೇಸಿಗೆಯಲ್ಲಿ ಇದೇ ಉಲ್ಟಾ, ಮನೆಯ ಸೆಕೆ ಭೂಮಿಗೆ ವಾಪಸು. ಗ್ಯಾಸಿಲ್ಲ, ಬೆಂಕಿಯಿಲ್ಲ, ಕರೆಂಟೂ ಕಡಿಮೆ. ಅಷ್ಟು ಚೆನ್ನಾದ ನೀರು ಬಂದ ತೂತಿಗೆ ಅವರು ಕೊಳವೆ ಇಳಿಸಿ, ಸಂಜೆಯೊಳಗೆ ಅದರ ಸುತ್ತ ಜೇಡಿ ಮತ್ತು ಸಿಮೆಂಟಿನ ಗಂಜಿ ಸುರಿದು ಬಾಯಿ ಮುಚ್ಚಿದರು. ಅದೇ ಪದ್ಧತಿಯಂತೆ, ಇಲ್ಲದಿದ್ದರೆ ಮೇಲಿನ ಕೊಳಕು ಒಳಗಿನ ನೀರಿಗೆ ಸೇರುತ್ತದೆ. ಮುಖ ಆ ಕಡೆ ತಿರುಗಿಸಿಕೊಂಡು ನಾನು ನೀರಿಗೆ ಒಂದು ನಮಸ್ಕಾರ ಹಾಕಿದೆ. ಇನ್ನೇನು ಮಾಡಲಿ?

ಮಗಳಿಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಮನೆ ನೋಡುವುದಕ್ಕೆ ಮುಗಿದಂತೆಯೇ ಇತ್ತು. ಯಂತ್ರ ಓಡಿಸಿ ನೋಡಲೆಂದು ಬಿಸಿ ಬಿಟ್ಟಿದ್ದ ನೆಲದ ಮೇಲೆ ಬರಿಗಾಲಿಟ್ಟರೆ ಈಗಷ್ಟೇ ಬೆಕ್ಕು ಎದ್ದುಹೋದ ಜಾಗದಷ್ಟು ಬೆಚ್ಚಗೆ. ಆದರೆ ಒಳಗೆ ಹೋಗಿ ಇರುವ ಹಾಗಿಲ್ಲ. ಗಾಳಿ ಪರೀಕ್ಷೆಯಲ್ಲಿ ಮನೆ ಪಾಸಾಗಬೇಕು, ಆಮೇಲೆ ಊರಿನ ಕಚೇರಿಯವರು ಬಂದು ಒಪ್ಪಿಗೆ ಕೊಡಬೇಕು. ನಾನು ಪಾಸಾಗಲಾರದೆ ಬಿಟ್ಟ ಪರೀಕ್ಷೆಗಳನ್ನು ಇಲ್ಲಿ ಮನೆಗಳಿಗೆ ಇಡುತ್ತಾರೆ.

ಪರೀಕ್ಷೆಯವನು ಹಿತ್ತಲ ಬಾಗಿಲಿಗೆ ಕೆಂಪು ಬಟ್ಟೆಯ ಪರದೆ ಕಟ್ಟಿ, ನಡುವೆ ದೊಡ್ಡ ಫ್ಯಾನು ಕೂರಿಸಿ, ಮನೆಯೊಳಗೆ ಗಾಳಿ ತುಂಬಿದ. ಎಲ್ಲಿಯಾದರೂ ಸೋರಿದರೆ ಮಶೀನಿನಲ್ಲಿ ಅಂಕಿ ಏರುತ್ತದೆ. ಏರಿತು. ಮನೆ ಫೇಲು.

ಎಲ್ಲರೂ ನನ್ನ ಮುಖ ನೋಡಿದರು.

"ಅಮ್ಮಾ, ತೋರಣಕ್ಕೆ ಅಂತ ಮೊಳೆ ಗಿಳೆ ಹೊಡೆದ್ಯಾ?"

"ಯಾವ ಮೊಳೆಯೇ? ಸುತ್ತಿಗೆ ಎಲ್ಲಿದೆ ಅಂತಲೇ ನಂಗೊತ್ತಿಲ್ಲ!"

"ಅತ್ತೆ, ಬೇಜಾರು ಮಾಡ್ಕೋಬೇಡಿ, ದೇವರ ಗೂಡಿನ ಹಿಂದೆ ಏನಾದ್ರೂ..."

"ಏನೂ ಇಲ್ಲಪ್ಪ! ನಿಮ್ಮ ಮನೇಲಿ ನಾನು ಉಸಿರು ಬಿಡೋಕೂ ನಿಮ್ಮನ್ನ ಕೇಳಿ ಬಿಡ್ತಿದೀನಿ."

ಪರೀಕ್ಷೆಯವನು ಸಂದಿ ಹುಡುಕುವುದಕ್ಕೆ ಹೊಗೆ ಬಿಡುವ ಒಂದು ಕಡ್ಡಿ ತಂದಿದ್ದ. ಅರ್ಧ ಮನೆ ಸುತ್ತುವಷ್ಟರಲ್ಲಿ ಅದು ಖಾಲಿಯಾಯಿತು. ಇವತ್ತು ಆಗದಿದ್ದರೆ ಮತ್ತೆ ಬರುವುದು ಎರಡು ವಾರ ಬಿಟ್ಟು ಎಂದ. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿದಳು. ಎರಡು ವಾರ ಅವಳ ಹತ್ತಿರ ಇರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಉತ್ತರದ ಕಡೆ ಆಗಲೇ ಬೆಂಕಿ ಬಿದ್ದ ಸುದ್ದಿಯೂ ಬಂದಿತ್ತು.

ನನ್ನ ಚೀಲದಲ್ಲಿ ಊದುಬತ್ತಿ ಇತ್ತು. ಎಲ್ಲಿಗೆ ಹೋದರೂ ಇರುತ್ತದೆ. ಒಂದು ಹಚ್ಚಿ ಅವನ ಕೈಗೆ ಕೊಟ್ಟೆ. ಅವನು ನಕ್ಕು ವಾಪಸು ನನಗೇ ಕೊಟ್ಟು, ನಡೆಯಿರಿ ಎಂದು ಕೈ ತೋರಿಸಿದ. ಸಂಜೆ ದೀಪ ಹಚ್ಚಿ ಮನೆಯ ಮೂಲೆ ಮೂಲೆಗೂ ತೋರಿಸುವ ಹಾಗೆ ನಾನು ಮುಂದೆ, ಪರೀಕ್ಷೆಯವನು ಹಿಂದೆ, ಅವನ ಹಿಂದೆ ಮನೆ ಕಟ್ಟಿದ ಭೀಮನಂಥ ಮೇಸ್ತ್ರಿ, ಅವನ ಹಿಂದೆ ಅಳಿಯ. ಗಂಟೆ ಬಾರಿಸುವವರೊಬ್ಬರು ಕಡಿಮೆ. ಅಡುಗೆಮನೆಯಲ್ಲಿ ಹೊಗೆ ನೆಟ್ಟಗೆ ನಿಂತಿತು. ಮಲಗುವ ಕೋಣೆಯಲ್ಲಿ ನೆಟ್ಟಗೆ ನಿಂತಿತು. ಮುಂಬಾಗಿಲಿಗೆ ಬಂದು ನಾನು ಬಗ್ಗಿದೆ. ಹೊಗೆಯೂ ನನ್ನ ಜೊತೆ ಬಗ್ಗಿತು. ಬಗ್ಗಿ, ಕರೆದವರ ಮನೆಗೆ ಹೋಗುವ ನೆಂಟರ ಹಾಗೆ, ಹೊಸ್ತಿಲ ಕೆಳಗೆ ಹೊರಟೇಹೋಯಿತು.

ಮೇಸ್ತ್ರಿ ಹೊಟ್ಟೆಯ ಮೇಲೆ ಮಲಗಿ ಹೊಸ್ತಿಲ ಮೇಲಿನ ಮರದ ಪಟ್ಟಿ ಎಬ್ಬಿಸಿದ. ಅದರಡಿಯಲ್ಲಿ ಗಾಳಿ ತಡೆಯುವ ಟೇಪನ್ನು ಯಾರೋ ಕೊಯ್ದು ಮತ್ತೆ ಅಂಟಿಸಿದ್ದರು. ಟೇಪಿನ ಕೆಳಗೆ ಅರಿಶಿನದ ಬಟ್ಟೆಯ ಪುಟ್ಟ ಗಂಟು.

"ಅಮ್ಮಾ!" ಎಂದಳು ಮಗಳು. ಆ ದನಿಯನ್ನು ನಾನು ಅವಳ ಹದಿನಾರನೆಯ ವಯಸ್ಸಿನಿಂದ ಬಲ್ಲೆ.

ಬಾಗಿಲು ನಿಲ್ಲಿಸುವಾಗ ಹೊಸ್ತಿಲಡಿ ನವಧಾನ್ಯ, ಚೂರು ಚಿನ್ನ ಬೆಳ್ಳಿ ಇಟ್ಟು ಪೂಜೆ ಮಾಡುವುದು ನಮ್ಮಲ್ಲೂ ಇದೆ. ಆದರೆ ಈ ಬಾಗಿಲು ನಿಲ್ಲಿಸಿದಾಗ ನಾನಿನ್ನೂ ಮೈಸೂರಿನಲ್ಲಿದ್ದೆ. ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಒಂದು ಸಂದಿ ಇರಲ್ಲ ಎಂದು ನನಗೆ ತಿಂಗಳುಗಟ್ಟಲೆ ಪಾಠ ಮಾಡಿದ ಅಳಿಯ ಕೆಮ್ಮಿದ.

"ಅದು... ನಾನು."

"ನೀನಾ?" ಮಗಳ ದನಿ ಏರಿತು. "ಟೇಪ್ ಕಟ್ ಮಾಡಿದ್ದು ನೀನಾ?"

"ನಮ್ಮಮ್ಮ ವಿಡಿಯೋ ಕಾಲಲ್ಲಿದ್ರು ಕಣೇ. ಅವರು ಹೇಳ್ತಾ ಹೋದ್ರು, ನಾನು ಇಡ್ತಾ ಹೋದೆ. ವಾಪಸ್ ಅಂಟಿಸಿದ್ನಲ್ಲ!"

ಮಗಳು ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಎಲ್ಲಿ ಅಲ್ಲೇ ಹೆರಿಗೆಯಾಗುತ್ತದೋ ಎಂದು ನನಗೆ ಹೆದರಿಕೆ. ಮೇಸ್ತ್ರಿ ಗಂಟನ್ನು ತೋರಿಸಿ ಇದೇನು ಎಂದು ಕೇಳಿದ. ಅಳಿಯ ಸ್ವಲ್ಪ ಯೋಚಿಸಿ, ಇದು ನಮ್ಮ ಕಡೆಯ ಹಳೇ ಇನ್ಸುಲೇಷನ್ನು ಎಂದ.

ತೆಗೆದು ಎಸೆದರೆ ಕೆಲಸ ಮುಗಿಯುತ್ತಿತ್ತು. ಮೇಸ್ತ್ರಿ ಕೈ ಹಾಕಿದ. ಆಗ ಅಳಿಯ "ನೋ" ಎಂದ. ಮಗಳೂ "ನೋ" ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಟ್ಟಿದ್ದನ್ನು, ಅದೂ ಮಗು ಬರುವ ಮೊದಲು, ಕೀಳುವ ಧೈರ್ಯ ಅಷ್ಟು ಓದಿದ ಇಬ್ಬರಲ್ಲಿ ಒಬ್ಬರಿಗೂ ಇರಲಿಲ್ಲ. ಉಡುಪಿಗೆ ಫೋನು ಹೋಯಿತು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಅಳಿಯನ ತಾಯಿ ತಲೆಗೆ ಸೆರಗು ಸುತ್ತಿಕೊಂಡೇ ತೆರೆಯ ಮೇಲೆ ಬಂದರು.

"ಎಂತ? ಗಂಟು ತೆಗೆಯುವುದಾ? ಹೊಸ್ತಿಲು ಬಿಟ್ಟು ಅದು ಕದಲ್ಲಿಕ್ಕಿಲ್ಲ ಮಾರಾಯ!"

"ಅಮ್ಮ, ಗಾಳಿ ಲೀಕ್ ಆಗ್ತಾ ಉಂಟು."

"ಆಗಲಿ. ಗಾಳಿ ಬರಬೇಕಲ್ಲವಾ ಮನೆಗೆ? ಗಾಳಿಯೇ ಬಾರದ ಮನೆ ಯಾರಾದರೂ ಕಟ್ಟುತ್ತಾರಾ?"

ಈ ಬೀಗಿತ್ತಿಗೂ ನನಗೂ ಮದುವೆಯ ಸಾರಿಗೆ ಅವರು ಬೆಲ್ಲ ಹಾಕಿಸಿದ ದಿನದಿಂದ ಒಂದು ಮಾತಿನಲ್ಲೂ ಹೊಂದಿಕೆಯಿಲ್ಲ. ಅವತ್ತು ಮೊದಲ ಸಲ, "ಅವರು ಹೇಳೋದು ಸರಿ" ಎಂದೆ. ಆ ಕಡೆ ಅವರಿಗೂ ಗಾಬರಿಯಾಗಿರಬೇಕು, ಸೆರಗು ಸರಿಮಾಡಿಕೊಂಡು ತೆರೆಯ ಹತ್ತಿರಕ್ಕೆ ಬಂದು ನನ್ನ ಮುಖ ನೋಡಿದರು.

ಹೊಸ್ತಿಲು ಬಿಟ್ಟು ಕದಲಬಾರದು, ಅಷ್ಟೇ ತಾನೆ? ನಾನು ನೆಲದ ಮೇಲೆ ಕೂತೆ. ಗಂಟನ್ನು ಎತ್ತಿ ಎರಡೂ ಅಂಗೈಯಲ್ಲಿಟ್ಟುಕೊಂಡು, ಕೈಯನ್ನು ಸರಿಯಾಗಿ ಹೊಸ್ತಿಲ ಮೇಲಕ್ಕೇ ಚಾಚಿದೆ. ಒಳಗೂ ಅಲ್ಲ, ಹೊರಗೂ ಅಲ್ಲ. ನನ್ನ ಕೈಯ ಕೆಳಗೆ ಆ ಭೀಮ ಮಲಗಿಕೊಂಡು ಹಳೆಯ ಟೇಪು ಕೆರೆದ, ಒರೆಸಿದ, ಹೊಸದನ್ನು ಹಾಸಿ ಹೆಬ್ಬೆರಳಿನಿಂದ ತೀಡಿದ. ತೆರೆಯ ಮೇಲಿಂದ ಬೀಗಿತ್ತಿ "ಗಟ್ಟಿ ಹಿಡೀರಿ, ಗಟ್ಟಿ ಹಿಡೀರಿ" ಎನ್ನುತ್ತಿದ್ದರು. ಹಿಡಿದವಳಿಗಿಂತ ನೋಡುವವರಿಗೇ ಸುಸ್ತು. ಕಾಳಿಗೆ ತೇವ ತಗುಲಿ ಮೊಳಕೆ ಬಂದರೆ ಮರ ಕೆಡುತ್ತದೆ ಎಂದು ಮೇಸ್ತ್ರಿಯ ತಕರಾರು. ಅದಕ್ಕೂ ಅಳಿಯನ ಹತ್ತಿರ ಉಪಾಯವಿತ್ತು. ಹೊಸ್ತಿಲ ಮೇಲೇ ಗಂಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿಯನ್ನೆಲ್ಲ ಹಿಂಡಿ ತೆಗೆದು, ಬಾಯಿ ಬಿಗಿದ. ಆಮೇಲೆ ಟೇಪಿನ ಮೇಲೆ ಗಂಟು, ಗಂಟಿನ ಮೇಲೆ ಮರದ ಪಟ್ಟಿ. ನಮ್ಮ ಸಂಪ್ರದಾಯದಲ್ಲೂ ಇನ್ನು ಒಂದು ಸಂದಿ ಇಲ್ಲ.

ಫ್ಯಾನು ಮತ್ತೆ ತಿರುಗಿತು. ಅಂಕಿ ಇಳಿಯಿತು, ಇನ್ನೂ ಇಳಿಯಿತು. ಪರೀಕ್ಷೆಯವನು ಹೆಬ್ಬೆರಳು ಎತ್ತಿದ. ಮಗಳು ಇದ್ದಲ್ಲೇ ಆ ಬೆಚ್ಚಗಿನ ನೆಲದ ಮೇಲೆ ಕೂತು ಅತ್ತಳು.

ಊರಿನ ಕಚೇರಿಯವರು ಬಂದು ಒಪ್ಪಿಗೆ ಕೊಟ್ಟ ವಾರವೇ ಅವಳಿಗೆ ನೋವು ಬಂತು. ಹೆಣ್ಣು ಮಗು. ಮೂಗು ನನ್ನದು. ಬೀಗಿತ್ತಿ ತಮ್ಮದೆನ್ನುತ್ತಾರೆ. ದೂರದಿಂದ ಫೋನಿನಲ್ಲಿ ಮೂಗು ಸರಿಯಾಗಿ ಕಾಣುವುದಿಲ್ಲ, ಪಾಪ.

ಮಗು ಮನೆಗೆ ಬಂದ ದಿನ ಆಕಾಶ ಅರಿಶಿನ ಕದಡಿದ ನೀರಿನ ಬಣ್ಣಕ್ಕೆ ತಿರುಗಿತ್ತು. ಹೊರಗೆ ನಿಂತರೆ ಗಂಟಲು ಕೆರೆಯುತ್ತಿತ್ತು. ನಾನು ತಟ್ಟೆಯಲ್ಲಿ ಕೆಂಪು ನೀರು ಕಲಸಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದೆ. ಬಾಣಂತಿಯನ್ನೂ ಮಗುವನ್ನೂ ಆರತಿಯಿಲ್ಲದೆ ಒಳಗೆ ಬಿಟ್ಟುಕೊಳ್ಳಲಾದೀತೇ? ಕಾರಿನಿಂದ ಇಳಿಯುತ್ತಲೇ ಅಳಿಯ ಕೂಗಿದ:

"ಅತ್ತೆ, ಬಾಗಿಲು ಹಾಕಿ! ಹೊಗೆ ಒಳಗೆ ಹೋಗ್ತಿದೆ!"

"ಬಾಗಿಲು ಹಾಕಿ ಆರತಿ ಎತ್ತೋದು ಹೆಂಗಪ್ಪ?"

"ಅಮ್ಮ, ಬೇಗ," ಎಂದಳು ಮಗಳು ಮಾಸ್ಕಿನ ಒಳಗಿನಿಂದ. ಅವಳ ಎದೆಯಲ್ಲಿ ಆಗಲೇ ಆ ಸಿಳ್ಳೆ ಶುರುವಾಗಿತ್ತು.

ನನ್ನ ಜನ್ಮದಲ್ಲಿ ಅಷ್ಟು ಬೇಗ ಆರತಿ ಎತ್ತಿದ್ದಿಲ್ಲ. ಹಾಡಿನ ಮೊದಲ ಸಾಲು ಬಾಯಿಗೆ ಬರುವ ಮೊದಲೇ ತಟ್ಟೆ ಸುತ್ತು ಮುಗಿಸಿತ್ತು. ಬಲಗಾಲಿಟ್ಟು ಒಳಗೆ ಬಂದರು, ಬಾಗಿಲು ಮುಚ್ಚಿಕೊಂಡಿತು. ಅಟ್ಟದ ಮೇಲೆ ಎಲ್ಲೋ ಗಾಳಿಯ ಮಶೀನು ಸಣ್ಣಗೆ ದನಿಯೆತ್ತಿತು.

ಮಧ್ಯಾಹ್ನ ಮಗಳ ಪಕ್ಕದಲ್ಲಿ ಕೂತು ಕಿವಿಗೊಟ್ಟೆ. ಅವಳು ದಿಂಬಿಗೆ ಒರಗದೆ, ಕಾಲು ಚಾಚಿ, ಅಡ್ಡ ಮಲಗಿದ್ದಳು. ಎದೆಯಲ್ಲಿ ಸಿಳ್ಳೆಯಿಲ್ಲ. ಹೊಗೆಯ ಕಾಲದಲ್ಲಿ ಅವಳು ಹಾಗೆ ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಈ ಮನೆಯ ಮೇಲೆ ನಾನು ಆಡಿಕೊಂಡದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ, ಆದರೆ ಅಳಿಯನಿಗೆ ಅವತ್ತು ಎರಡು ಹೋಳಿಗೆ ಜಾಸ್ತಿ ಬಡಿಸಿದೆ.

ಅಷ್ಟರಲ್ಲಿ ಮಗು ಎದ್ದು ಅತ್ತಿತು. ಏನು ಗಂಟಲು ಅಂತೀರಿ! ನಮ್ಮ ಬೀದಿಯಲ್ಲಾಗಿದ್ದರೆ ಹತ್ತು ಮನೆಯವರು ಬಾಗಿಲಿಗೆ ಬಂದು ಯಾರಿಗೆ ಹೆರಿಗೆ ಎಂದು ಕೇಳುತ್ತಿದ್ದರು. ಗಾಜಿನಾಚೆ ಪಕ್ಕದ ಮನೆಯಾಕೆ ಮಾಸ್ಕು ಹಾಕಿಕೊಂಡು ಅಂಚೆ ಡಬ್ಬಿ ತೆರೆಯುತ್ತಿದ್ದಳು, ಇತ್ತ ತಿರುಗಲಿಲ್ಲ. ಹೇಗೆ ತಿರುಗುತ್ತಾಳೆ? ಮೂರು ಪದರ ಗಾಜು, ಮೊಳದಷ್ಟು ದಪ್ಪ ಗೋಡೆ. ನನ್ನ ಮೊಮ್ಮಗಳ ದನಿ ಹೊರಗೆ ಹೋಗುವುದಕ್ಕೆ ಒಂದು ದಾರಿಯನ್ನೂ ಬಿಡದ ಹಾಗೆ ಕಟ್ಟಿಸಿದ್ದಾರೆ. ನಾನು ಮಗುವನ್ನು ಎತ್ತಿಕೊಂಡು ಗಾಜಿನ ಹತ್ತಿರ ಹೋಗಿ, ಆಕೆ ನೋಡುವ ತನಕ ಕೈ ಬೀಸಿದೆ.