ಎರಡನೆಯ ತಟ್ಟೆ

ಸಂಜೆ ಐದು ಗಂಟೆ ಐವತ್ತೆರಡು ನಿಮಿಷ. ತೂಕ ಪರೀಕ್ಷಕರು ಸೇತುವೆಯ ಮೇಲೆ ನಿಂತುಬಿಟ್ಟ ಬಸ್ಸಿನಲ್ಲಿ, ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈಯ ಗಡಿಯಾರವನ್ನು ಆರನೆಯ ಸಲ ನೋಡುತ್ತಿದ್ದರು. ಅವರ ಲೆಕ್ಕದಂತೆ ಐದು ಮೂವತ್ತೆರಡಕ್ಕೆ ಮನೆ ಸೇರಿರಬೇಕಿತ್ತು. ಹೊಸ ಬಾಡಿಗೆ ಮನೆಗೆ ಬಂದು ಎರಡೇ ದಿನ. ಕಚೇರಿಯಿಂದ ಅಲ್ಲಿಗೆ ಮರಳುತ್ತಿದ್ದುದು ಇದೇ ಮೊದಲು. ಎಂಟು ವರ್ಷದ ಮಗಳನ್ನು ಶಾಲೆಯ ವ್ಯಾನು ಐದು ಹತ್ತಕ್ಕೇ ಗೇಟಿನ ಬಳಿ ಇಳಿಸಿ ಹೋಗಿರುತ್ತದೆ. ಬೀಗದ ಕೈ ಅವಳ ಕೊರಳಿನ ಕೆಂಪು ದಾರದಲ್ಲಿದೆ. ಜೇಬಿನಲ್ಲಿ ಫೋನು ಇಟ್ಟುಕೊಳ್ಳುವ ಕಾಲ ಇನ್ನೂ ಬಂದಿರಲಿಲ್ಲ.

"ಬೆಳಿಗ್ಗೆ ಇದೇ ಬಸ್ಸು ಮೂವತ್ತೆರಡು ನಿಮಿಷಕ್ಕೆ ತಲುಪತ್ತಲ್ಲ?" ಎಂದು ಕಂಡಕ್ಟರನ್ನು ಕೇಳಿದರು.

"ಅದು ಬೆಳಿಗ್ಗೆ ಸಾರ್. ಸಂಜೆ ಮಾರ್ಕೆಟ್ ರಸ್ತೆ ಒನ್‌ವೇ. ಊರೆಲ್ಲ ಸುತ್ಕೊಂಡೇ ಬರ್ಬೇಕು. ಹೊಸಬ್ರಾ ನೀವು?"

ತಾವು ಮಾಡಿದ ತಪ್ಪು ಪರೀಕ್ಷಕರಿಗೆ ಆ ಕ್ಷಣದಲ್ಲಿ ಹೊಳೆಯಿತು.

ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸುವುದು ಅವರ ಕೆಲಸ. ಗುಲಗಂಜಿಯಷ್ಟು ವ್ಯತ್ಯಾಸವನ್ನೂ ಬಿಡದ ಕಾರಣ ಅಂಗಡಿಯವರು ಬೆನ್ನ ಹಿಂದೆ ಅವರನ್ನು ಗುಲಗಂಜಿ ಸಾಹೇಬರೆನ್ನುತ್ತಿದ್ದರು. ಅವರದೊಂದು ಪದ್ಧತಿಯಿತ್ತು: ಒಮ್ಮೆ ತೂಗಿದ ಮೇಲೆ, ಎಡ ತಟ್ಟೆಯ ಹಿತ್ತಾಳೆಯ ತೂಕದ ಬಟ್ಟನ್ನು ಬಲಕ್ಕೂ ಬಲದ ಸಾಮಾನನ್ನು ಎಡಕ್ಕೂ ಹಾಕಿ ಇನ್ನೊಮ್ಮೆ ತೂಗುವುದು. ತಕ್ಕಡಿಯ ಒಂದು ತೋಳು ಕೂದಲೆಳೆಯಷ್ಟು ಉದ್ದವಿದ್ದರೂ ಆಗ ಗೊತ್ತಾಗುತ್ತದೆ. ಇಪ್ಪತ್ತು ವರ್ಷದಲ್ಲಿ ಎರಡನೆಯ ತಟ್ಟೆ ಮರೆತವರಲ್ಲ. ಆದರೆ ಮನೆ ಹುಡುಕುವಾಗ ಮನೆಯಿಂದ ಕಚೇರಿಗೆ ಹೋಗುವ ಹೊತ್ತನ್ನು ಮೂರು ಬೆಳಿಗ್ಗೆ ಅಳೆದು ಸರಾಸರಿ ತೆಗೆದಿದ್ದರು. ಬರುವ ಹೊತ್ತನ್ನು ಅಳೆದೇ ಇರಲಿಲ್ಲ.

ಹೆಂಡತಿ ತೀರಿಕೊಂಡು ಆಗ ಒಂಬತ್ತು ತಿಂಗಳು. ಹಳೆಯ ಮನೆ ಊರಾಚೆ ಇತ್ತು, ಮಗಳು ದಿನವೂ ಎರಡು ಗಂಟೆ ಒಬ್ಬಳೇ ಇರುತ್ತಿದ್ದಳು. ಅದನ್ನು ಕಂಡ ಅವರ ಅಕ್ಕ ಕಡ್ಡಿ ಮುರಿದಂತೆ ಹೇಳಿದ್ದರು: "ನೋಡೋ, ಮಗು ಅರ್ಧ ಗಂಟೆಗಿಂತ ಜಾಸ್ತಿ ಒಂಟಿಯಾಗಿರೋದು ಬೇಡ. ನಿನ್ನ ಕೈಲಿ ಆಗಲ್ಲ ಅಂದ್ರೆ ನಮ್ಮೂರಿಗೆ ಕರ್ಕೊಂಡು ಹೋಗ್ತೀನಿ. ಮೂರು ತಿಂಗಳು ಕೊಟ್ಟಿದೀನಿ." ಅಕ್ಕನ ಊರು ರೈಲಿನಲ್ಲಿ ಒಂದು ಹಗಲು ದೂರ.

ಹದಿನೇಳು ಮನೆ ನೋಡಿದರು. ಕಚೇರಿಯ ಹತ್ತಿರದವು ಸಂಬಳಕ್ಕೆ ಎಟುಕಲಿಲ್ಲ. ಒಂದು ಕಡೆ ಮಾಲೀಕ, "ಮಕ್ಕಳು ಗೋಡೆ ಮೇಲೆ ಬರೀತಾರೆ," ಎಂದು ಬಾಗಿಲಲ್ಲೇ ನಿಲ್ಲಿಸಿದ. ಇನ್ನೊಂದು ಕಡೆ, ನೀರು ಬರುತ್ತದೆಯೇ ಎಂದು ಇವರು ಕೇಳುವ ಮೊದಲೇ ಆ ಮನೆಯ ಮಾಲೀಕ, "ನೀವು ಯಾವ ಜನ?" ಎಂದು ಕೇಳಿದ. ಹದಿನೇಳನೆಯದು ಮೂರು ಮಹಡಿಯ ಹಳೇ ಕಟ್ಟಡ. ಮೆಟ್ಟಿಲ ಬುಡದ ಎಂಟು ಅಂಚೆ ಡಬ್ಬಿಗಳ ಮೇಲೆ ಐದು ಲಿಪಿಗಳಲ್ಲಿ ಹೆಸರುಗಳಿದ್ದವು. ಬಾಗಿಲುಗಳ ಮುಂದೆ ಮಕ್ಕಳ ಚಪ್ಪಲಿಗಳು ಯಾವುದು ಯಾರದೆಂದು ತಿಳಿಯದಂತೆ ಬಿದ್ದಿದ್ದವು. ಅವರು ನೋಟ್‌ಬುಕ್ಕಿನಲ್ಲಿ "ಆಗಬಹುದು" ಎಂದು ಬರೆದುಕೊಂಡರು.

ಆ ಸಂಜೆ ಅವರು ಅಲ್ಲಿಗೆ ತಲುಪಿದಾಗ ಆರು ಹನ್ನೊಂದು. ಒಟ್ಟು ಎಪ್ಪತ್ತೊಂದು ನಿಮಿಷ. ಎರಡನೆಯ ಮಹಡಿಗೆ ಓಡಿದರು. ಬಾಗಿಲಿಗೆ ಹಾಕಿದ ಬೀಗ ಹಾಗೇ ಇತ್ತು. ಕಟ್ಟಡಕ್ಕೆಲ್ಲ ಕೇಳುವಂತೆ ಮಗಳ ಹೆಸರು ಕೂಗಿದರು.

ಮೇಲಿನ ಮಹಡಿಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. "ಏನ್ರೀ, ಇಲ್ಲಿದಾಳೆ ಬನ್ನಿ!" ಕುತ್ತಿಗೆಗೆ ಟೇಪು ಹಾಕಿಕೊಂಡ ಹೆಂಗಸೊಬ್ಬರು ಕಟಕಟೆಯಿಂದ ಬಗ್ಗಿದರು. ಟೈಲರಮ್ಮ, ಅವರ ಮನೆಮಾತು ಬೇರೆ. "ಮೆಟ್ಟಿಲ ಮೇಲೆ ಕೂತಿತ್ತು ಪಾಪ. ಬೀಗ ಹಾಕಿರೋದು ಮೇಲಿನ ಚಿಲಕಕ್ಕೆ, ಮಗೂಗೆ ಕೈ ಎಟುಕತ್ತಾ? ಊರಿನ ತಕ್ಕಡಿಯೆಲ್ಲ ಅಳೀತೀರಂತೆ, ಮಗಳ ಎತ್ತರ ಅಳೀಲಿಲ್ವಾ?"

ಮಗಳು ಬಟ್ಟೆ ಚೂರುಗಳ ನಡುವೆ ಕೂತು ಗುಂಡಿಗಳನ್ನು ವಿಂಗಡಿಸುತ್ತಿದ್ದಳು.

"ಅಪ್ಪಾ, ಮುನ್ನೂರ ಹದಿನೆಂಟು ಇವೆ."

"ಸರಿಯಾಗಿ ಎಣಿಸಿದ್ಯಾ?"

"ಎರಡು ಸಲ. ಎರಡನೇ ಸಲ ಹಿಂದಿನಿಂದ."

ಅವರು ಹೊಸ್ತಿಲಲ್ಲೇ ಕೂತರು. ಟೈಲರಮ್ಮ ಒಂದು ಲೋಟ ನೀರು ತಂದಿಟ್ಟರು.

ಮತ್ತೆ ಮನೆ ಹುಡುಕುತ್ತೇನೆಂದು ಮರುದಿನ ಅವರು ಹೇಳಿದಾಗ ಟೈಲರಮ್ಮ ಗದರಿದರು: "ಯಾಕೆ? ನನ್ನ ಮನೇಲಿ ಮುಳ್ಳಿದೆಯಾ? ನನ್ನ ಮಕ್ಕಳಿಬ್ರ ಜೊತೆ ಇವಳೊಬ್ಳು. ನೀವು ಬರೋವರೆಗೆ ಇಲ್ಲಿರ್ತಾಳೆ." ಅವರ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಎದುರು ಮನೆಯ ನಿವೃತ್ತ ರೈಲ್ವೆ ಗಾರ್ಡ್ ನೋಡಿಕೊಳ್ಳುವುದೆಂದಾಯಿತು. ಪರೀಕ್ಷಕರು ಒಪ್ಪಿದರು, ಆದರೆ ಬರೀ ಬಾಯಿಮಾತನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ಅವರಿಗಿರಲಿಲ್ಲ. ವ್ಯಾನಿನ ಹಾರ್ನ್ ಕೇಳಿದ ಹೊತ್ತು, ಮಗು ಬಾಗಿಲು ತಟ್ಟಿದ ಹೊತ್ತು, ಎರಡನ್ನೂ ಗುರುತು ಹಾಕಿಡಬೇಕೆಂದು ಕೇಳಿಕೊಂಡರು. ಟೈಲರಮ್ಮ ನಕ್ಕರೂ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ದಿನವೂ ಬಾಗಿಲ ಹಿಂದೆ ಬರೆದರು, ತಮ್ಮ ಲಿಪಿಯ ಅಂಕಿಗಳಲ್ಲಿ. ಪರೀಕ್ಷಕರು ಆ ಅಂಕಿಗಳನ್ನು ಕಲಿತು ಪ್ರತಿ ಸಂಜೆ ನೋಟ್‌ಬುಕ್ಕಿಗೆ ಇಳಿಸಿಕೊಂಡರು.

ಅಕ್ಕ ಕೊಟ್ಟಿದ್ದ ಮೂರು ತಿಂಗಳು ಮುಗಿಯಿತು. ಅಕ್ಕ ಒಂದು ಖಾಲಿ ಪೆಟ್ಟಿಗೆಯೊಂದಿಗೆ ಬಂದರು. ಮೆಟ್ಟಿಲ ಮೇಲೆ ಟೈಲರಮ್ಮ ಪರೀಕ್ಷಕರ ಕಿವಿಯಲ್ಲಿ ಉಸುರಿದರು: "ಮಗು ಎಷ್ಟು ಹೊತ್ತು ಒಂಟಿಯಾಗಿರತ್ತೆ ಅಂತ ಕೇಳಿದ್ರೆ ಸೊನ್ನೆ ಅಂದ್ಬಿಡಿ. ಸುಮ್ನೆ ಯಾಕೆ ಪೇಚಾಟ."

"ನಿನ್ನ ಬಸ್ಸಿಗೆ ಎಷ್ಟು ಹೊತ್ತು?" ಅಕ್ಕ ಕೇಳಿದರು.

"ಎಪ್ಪತ್ತೊಂದು ನಿಮಿಷ."

ಅಕ್ಕ ಪೆಟ್ಟಿಗೆಯ ಮುಚ್ಚಳ ತೆರೆದರು. "ಅವಳ ಬಟ್ಟೆ ಕೊಡು."

"ಅಕ್ಕಾ, ಅದು ನಾನು ಬರೋ ಹೊತ್ತು. ಮಗು ಒಬ್ಬಳೇ ಇರೋ ಹೊತ್ತು ಬೇರೆ."

"ಹಾಗಾದ್ರೆ ಅದನ್ನೇ ಹೇಳು."

ಅವರು ನೋಟ್‌ಬುಕ್ ತೆರೆದರು. ವ್ಯಾನಿನ ಹಾರ್ನಿನಿಂದ ಬಾಗಿಲು ತಟ್ಟುವವರೆಗೆ ಹಿಡಿದ ನಿಮಿಷಗಳು, ಮೂವತ್ತೊಂಬತ್ತು ಶಾಲಾ ದಿನಗಳ ಲೆಕ್ಕ, ಅದರಲ್ಲಿತ್ತು. ಈ ಸಲ ಸರಾಸರಿ ತೆಗೆಯಲಿಲ್ಲ. ಎಲ್ಲಕ್ಕಿಂತ ದೊಡ್ಡ ಅಂಕಿಯ ಮೇಲೆ ಬೆರಳಿಟ್ಟರು. ಮೂರು ಮಹಡಿ ಹತ್ತುವುದಕ್ಕೆ ಮಗುವಿಗೆ ಬೇಕಾದದ್ದು ಒಂದೇ ನಿಮಿಷ. ಉಳಿದದ್ದು, ಮೆಟ್ಟಿಲ ನಡುವೆ ಮಲಗಿರುತ್ತಿದ್ದ, ಗಾರ್ಡಿನ ಮನೆಯ ಬೆಕ್ಕಿನ ಬೆನ್ನು ಸವರುವುದಕ್ಕೆ.

ಪರೀಕ್ಷಕರು ಆ ಮನೆಯಲ್ಲೇ ಇಪ್ಪತ್ತಾರು ವರ್ಷವಿದ್ದು ಹೋದ ವರ್ಷ ತೀರಿಕೊಂಡರು. ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ಈಗ ಮಗಳ ಮೇಜಿನ ಮೇಲಿದೆ. ಎಂಬತ್ತು ದಾಟಿದ ಅಕ್ಕ ಅಂದು ಖಾಲಿ ಪೆಟ್ಟಿಗೆ ಹೊತ್ತು ವಾಪಸಾದದ್ದನ್ನು ಬಂದವರಿಗೆಲ್ಲ ಹೇಳುತ್ತಾರೆ. "ಅವನು ಸೊನ್ನೆ ಅಂದಿದ್ರೆ ನಾನು ನಂಬ್ತಿರ್ಲಿಲ್ಲ, ಮಗೂನ ಕರ್ಕೊಂಡೇ ಹೋಗ್ತಿದ್ದೆ," ಎನ್ನುತ್ತಾರೆ. ತಮ್ಮ ಅಂದು ತಲೆ ತಗ್ಗಿಸಿಯೇ, ಆದರೆ ಸ್ಪಷ್ಟವಾಗಿ ಹೇಳಿದ್ದು ಇಷ್ಟೇ:

"ನಾಲ್ಕು ನಿಮಿಷ."