ಕಾಯ್ತಾ ಇದ್ದೀವಿ

ನಮ್ಮ ಚಿಕ್ಕಮ್ಮ ಇಸ್ತ್ರಿ ಕೆಲಸದವಳು. ಮನೆಯ ಮುಂದಿನ ಕೋಣೆಯಲ್ಲೇ ಮೇಜು, ಅದರ ಮೇಲೆ ಮಡಿಸಿ ಹಾಸಿದ ಹಳೇ ಕಂಬಳಿ, ಗೋಡೆಗೊರಗಿದ ಬಟ್ಟೆಗಂಟುಗಳು. ಚಿಕ್ಕಪ್ಪ ಟೈಲರ್ ಆಗಿದ್ದವರು. ಸೋಂಕು ತಗುಲಿ ಎರಡೂ ಕಣ್ಣಿನ ಮುಂಭಾಗ ಬೆಳ್ಳಗಾಗಿ, ಬೆಳಕು ನೆರಳು ಬಿಟ್ಟರೆ ಏನೂ ಕಾಣದಂತಾಯಿತು. ಸತ್ತವರು ದಾನ ಮಾಡಿದ ಕಣ್ಣು ಸಿಕ್ಕರೆ ಕಸಿ ಮಾಡಬಹುದು ಎಂದರು ಡಾಕ್ಟರು. ಹೆಸರು ಪಟ್ಟಿಗೆ ಸೇರಿತು. ಅಂದಿನಿಂದ ಚಿಕ್ಕಪ್ಪ ಅಂಗಿಯ ಗುಂಡಿಗಳನ್ನು ಬೆರಳಲ್ಲೇ ಹುಡುಕಿ ಹಾಕಿ, ಮಡಚಿ ಕೊಡುತ್ತಾ ಕೂತರು. ಅವರ ಮಡಿಕೆ ಚಿಕ್ಕಮ್ಮನದಕ್ಕಿಂತ ಚೆನ್ನಾಗಿರುತ್ತಿತ್ತು. ಅದನ್ನು ಅವಳೆದುರು ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಹೀಗೇ ಮೂರು ವರ್ಷ. ತಾಳಿದವನು ಬಾಳಿಯಾನು ಎಂದ ಪುಣ್ಯಾತ್ಮನಿಗೆ ಆಸ್ಪತ್ರೆಯ ಪಟ್ಟಿ ಗೊತ್ತಿರಲಿಕ್ಕಿಲ್ಲ. ಚಿಕ್ಕಮ್ಮ ಪ್ರತಿ ಸೋಮವಾರ ಫೋನ್ ಮಾಡುವಳು. ನರ್ಸಮ್ಮ "ಕಾಯ್ತಾ ಇರಿ" ಎನ್ನುವರು.

"ಪೆಟ್ಟಿಗೆ ಕಾಯ್ಬೇಕು, ನಾನು ಕಾಯ್ಬೇಕು, ನಮ್ಮಿಬ್ರನ್ನ ದೇವ್ರು ಕಾಯ್ಬೇಕು. ಈ ಮನೇಲಿ ಇನ್ನೇನಿದೆ ಕೆಲಸ?" ಎಂದು ಚಿಕ್ಕಮ್ಮ ನಗುತ್ತಿದ್ದಳು. ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕುವ ಮೊದಲು ಕೈಮುಗಿದು, "ನಿನ್ನ ಹೊತ್ತಿಗೆ ಕೊಡಪ್ಪಾ. ಸ್ವಲ್ಪ ಬೇಗ ನೋಡು, ಅಷ್ಟೇ" ಎನ್ನುವಳು. ನಂಬಿಕೆಯೂ ಇತ್ತು, ಅವಸರವೂ ಇತ್ತು.

ಒಂದು ಮಧ್ಯಾಹ್ನ ಫೋನ್ ಬಂತು. ಚಿಕ್ಕಮ್ಮ ಅದನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕೆಲಸ ನಿಲ್ಲಿಸದೆ, ಮಾತು ಪೂರ್ತಿ ಕೇಳದೆ, "ಆಯ್ತಮ್ಮಾ, ಕಾಯ್ತೀವಿ" ಎಂದು ಇಟ್ಟುಬಿಟ್ಟಳು.

"ಯಾರೇ ಅದು?" ಎಂದರು ಚಿಕ್ಕಪ್ಪ.

"ಆಸ್ಪತ್ರೆಯವ್ರು ರೀ. ಕಾಯ್ತಾ ಇರಿ ಅಂದ್ರು."

ಚಿಕ್ಕಪ್ಪನ ಬೆರಳು ಗುಂಡಿಯ ಮೇಲೆ ನಿಂತಿತು. "ಇವತ್ತು ಸೋಮವಾರಾನಾ?"

"ಗುರುವಾರ."

"ಯಾವಾಗ್ಲೂ ನಾವೇ ಅಲ್ವೇನೇ ಫೋನ್ ಮಾಡೋದು? ಕಾಯಿರಿ ಅನ್ನೋಕೆ ಅವರ್ಯಾಕೆ ಮಾಡ್ತಾರೆ?"

ಚಿಕ್ಕಮ್ಮ ಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟಳು. ತಿರುಗಿ ಫೋನ್ ಮಾಡಿದಳು.

"ಕಾಯ್ತಾ ಇರಿ ಅಲ್ಲಮ್ಮಾ, ಕಾಯ್ತಾ ಇದ್ದೀವಿ ಅಂದಿದ್ದು!" ನರ್ಸಮ್ಮ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ಕಣ್ಣು ಬಂದಿದೆ. ಈಗ್ಲೇ ಹೊರಟು ಬನ್ನಿ."

ಮೇಜಿನ ಮೇಲೆ ಯಾರದೋ ಅಂಗಿಯ ತೋಳು ಕಂದಿತ್ತು. ಅದನ್ನು ಹಾಗೇ ಬಿಟ್ಟು, ಪ್ಲಗ್ ಕಿತ್ತು, ಗಂಡನ ಕೈ ಹಿಡಿದು ಓಡಿದಳು. ಪಕ್ಕದ ಬೀದಿಯಲ್ಲಿದ್ದ ನನ್ನನ್ನೂ ಎಳೆದುಕೊಂಡಳು.

ಆಪರೇಷನ್ ನಡೆಯುವಾಗ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದಳು. ಆಮೇಲೆ, "ಬೇಗ ಬೇಗ ಅಂತ ದೇವರ ತಲೆ ತಿಂದೆನಲ್ಲೇ" ಎಂದಳು. "ಬೇಗ ಅಂದ್ರೆ ಇನ್ಯಾರೋ ಬೇಗ ಹೋಗ್ಬೇಕಿತ್ತು. ಆ ದೇವ್ರು ನನ್ ಮಾತು ಕೇಳ್ದೆ ಇದ್ದಿದ್ದೇ ಒಳ್ಳೇದಾಯ್ತು." ಹೆಸರೂ ಗೊತ್ತಿಲ್ಲದ ಆ ಮನೆಯವರಿಗಾಗಿ ಕೈಮುಗಿದಳು. ನಾನೂ ಕೈಮುಗಿದೆ.

ಮೊದಮೊದಲು ಚಿಕ್ಕಪ್ಪನಿಗೆ ಎಲ್ಲವೂ ಮಂಜು ಮಂಜು. ಎರಡು ತಿಂಗಳ ಮೇಲೆ ತಪಾಸಣೆಗೆ ಹೋದಾಗ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಹೇಳಿದರು. ಚಿಕ್ಕಪ್ಪ ಒಂದು, ಎರಡು, ಮೂರು ಸಾಲು ಓದಿದರು. ನಮಗೆಲ್ಲ ಹೋದ ಜೀವ ಬಂದಂತಾಯಿತು. ನಾಲ್ಕನೆಯ ಸಾಲು ಬಿಟ್ಟು ಅವರು ಚಿಕ್ಕಮ್ಮನ ಕಡೆ ತಿರುಗಿದರು.

"ಯಾಕೆ ಅಳ್ತಿದೀಯಾ?"

ಮೂರು ವರ್ಷ ಅವರೆದುರೇ ಕೂತು ಸದ್ದಿಲ್ಲದೆ ಅತ್ತವಳು ಸಿಕ್ಕಿಬಿದ್ದದ್ದು ಅಂದೇ ಮೊದಲು.