ಮೂರನೆಯ ಕೂಗು

ಹನಗೋಡಿನ ಆಚೆ, ಕಾಡಂಚಿನ ಹೊಲಗಳಲ್ಲಿ ಗಾಳಿಯ ಗುಣಮಟ್ಟ ಅಳೆಯುವ ಕೆಲಸ ನನ್ನದು. ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪನ್ನು ಬೆಂಕಿಯ ಶಾಖದಲ್ಲಿ ಒಣಗಿಸುವ ಮನೆಗಳಾದ ಬ್ಯಾರನ್ನುಗಳ ಹೊಗೆ ಮಂಜಿಗೆ ಸೇರಿ ಬೆಳಿಗ್ಗೆ ಏನೂ ಕಾಣುತ್ತಿರಲಿಲ್ಲ. ಎಷ್ಟು ದೂರ ಕಾಣುತ್ತದೆಂದು ತಿಳಿಯಲು, ಹೊಲದ ಯಜಮಾನರಾದ ಜವರಯ್ಯ ಮೊದಲ ದಿನ ಬಿಳಿ ಟವೆಲ್ ಹೊದ್ದು, ಹೆಜ್ಜೆ ಎಣಿಸುತ್ತಾ ಕಾಡಿನ ಕಡೆ ನಡೆದರು. ಅವರು ಮರೆಯಾದೊಡನೆ ನಾನು ಕೂಗಬೇಕು, ಅವರು ಓಗೊಟ್ಟು ನಿಲ್ಲಬೇಕು.

ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಮುಂದೆ ಆನೆ ದಾಟುವ ಹಳ್ಳವಿತ್ತು. ಆ ಮುದುಕರನ್ನು ಅತ್ತ ಕಳಿಸಿದವನು ನಾನೇ. ಮೂರನೆಯ ಕೂಗಿಗೆ "ಓ" ಎಂದು ತಿರುಗಿ ಬಂದರು.

"ಮೊದಲೇ ಓ ಅನ್ನೋಕೇನಾಗಿತ್ತು?" ಎಂದು ರೇಗಿದೆ.

"ಮೂರ್ ಸಲ ಕರಿಯೋಗಂಟ ಓ ಅನ್ಬಾರ್ದು ಕಣ್ ಸಾ. ದೆವ್ವ ಎಲ್ಡೇ ಸಲ ಕರಿಯೋದು. ಓದ್ದೋರ್ಗೆ ಇಷ್ಟೂ ಗೊತ್ತಿಲ್ವಾ? ಅದ್ಸರಿ, ನೀವ್ಯಾಕೆ ಐದ್ ಸಲ ಕೂಗುದ್ರಿ? ಅದೂ ಮೊದಲ್ನೇ ಎಲ್ಡು ಕಾಡೊಳಗಿಂದ? ದಿಕ್ಕು ಬದಲಾಯ್ತು ಅಂತ ನಾನು ಮತ್ತೆ ಒಂದ್ರಿಂದ ಎಣಿಸ್ಬೇಕಾಯ್ತು."

ನಾನು ಕೂಗಿದ್ದು ಮೂರೇ ಸಲ. ಬ್ಯಾರನ್ನಿನ ಪಕ್ಕದಿಂದ ಕದಲಿರಲೂ ಇಲ್ಲ.

ಮರುದಿನದಿಂದ ಕೂಗುವ ಬದಲು ಸೀಟಿ ಊದುವುದೆಂದು ತೀರ್ಮಾನವಾಯಿತು. ದೆವ್ವಕ್ಕೆ ಸೀಟಿ ಊದೋಕೆ ಬರಲ್ಲ ಎಂದು ಜವರಯ್ಯ ಭರವಸೆ ಕೊಟ್ಟರು. ನಾನು ಪುರಾವೆ ಕೇಳಲಿಲ್ಲ.